ಐಬಸ್ ಯಾರಿಗೆಲ್ಲ ಬೇಕು? ಸ್ಕ್ರಿಪ್ಟ್ ಇಲ್ಲಿಯವರೆಗೆ

ಡೊಂಬಿವಲಿಯ ನಮ್ಮ ಕನ್ನಡ ವಾಚನಾಲಯದಲ್ಲಿ ನಾಲ್ಕು ಹಳೆಯ ಕಂಪ್ಯೂಟರುಗಳಿವೆ. ನಾಲ್ಕರಲ್ಲೂ ಡೆಬಿಯನ್ 12 ಎಂಬ ಲಿನಕ್ಸ್. ಹೋದ ತಿಂಗಳು ಜಾಗ ಮಾಡಲು ಒಂದರಲ್ಲಿ ಐಬಸ್ ಪ್ಯಾಕೇಜ್ ತೆಗೆದೆ. ಬೇರೆ ಬೇರೆ ಭಾಷೆಗಳಲ್ಲಿ ಟೈಪ್ ಮಾಡಲು ನೆರವಾಗುವ ತಂತ್ರಾಂಶ ಅದು. ಅದನ್ನೇ ನಂಬಿದ್ದ, ಕನ್ನಡ ಕೀಲಿಮಣೆ ವಿನ್ಯಾಸಗಳನ್ನು ಕೊಡುವ ಐಬಸ್-ಎಂ17ಎನ್ ಕೂಡ ಜೊತೆಗೇ ಹೋಯಿತು. ಅದರಲ್ಲಿನ ಕೆಜಿಪಿ ಎಂಬ ಕನ್ನಡ ಕೀಲಿಮಣೆ ವಿನ್ಯಾಸಕ್ಕೆ ಕೈ ಒಗ್ಗಿದ ಹಿರಿಯರೊಬ್ಬರು ಆ ಸಂಜೆ ಟೈಪ್ ಮಾಡಲಾಗದೆ ಮನೆಗೆ ಹೋದರು. ತುಂಬ ಬೇಜಾರಾಯಿತು. ಡೆಬಿಯನ್ 13 ಹಾಕುವ ಮೊದಲು ಐಬಸ್ ಯಾರಿಗೆಲ್ಲ ಬೇಕು ಅಂತ ನಾಲ್ಕೂ ಯಂತ್ರಗಳಲ್ಲಿ ಪಕ್ಕಾ ಗೊತ್ತಾಗಬೇಕು.

ಪ್ಯಾಕೇಜ್ ಹಾಕುವ, ತೆಗೆಯುವ ಆಪ್ಟ್‌ನಲ್ಲಿ ನಿಜವಾಗಿ ತೆಗೆಯದೆಯೇ ತೆಗೆದಂತೆ ಮಾಡಿ ನೋಡಬಹುದು, ನಿಜ. ಆದರೆ ನನಗೆ ನಾಲ್ಕೂ ಪಟ್ಟಿಗಳು ಅಕ್ಕಪಕ್ಕ ಬೇಕು, ಅದೂ ಮುಲುಂಡಿನ ಮನೆಯಲ್ಲೇ. ಭಾನುವಾರ ಹಳಿ ರಿಪೇರಿಯ ಮೆಗಾಬ್ಲಾಕ್ ಇದ್ದರೆ ಲೋಕಲ್ ನೆಚ್ಚಿಕೊಳ್ಳುವ ಹಾಗಿಲ್ಲ ಅಲ್ವಾ. ಹಾಗಾಗಿ ಪ್ರತಿ ಯಂತ್ರದಲ್ಲಿರುವ ಪ್ಯಾಕೇಜುಗಳ ವಿವರ ಬರೆದಿಡುವ ಡಿಪಿಕೆಜಿಯ ಸ್ಟೇಟಸ್ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಂದೆ.

ಮೊದಲ ಸಲ ಸುಮ್ನೆ ಗ್ರೆಪ್ ಮಾಡಿದೆ, ಅಂದರೆ ‘ಐಬಸ್’ ಪದ ಇರುವ ಸಾಲುಗಳನ್ನೆಲ್ಲ ಹುಡುಕಿದೆ. ಪಟ್ಟಿ ಉದ್ದಕ್ಕೆ ಬಂತು, ಅರ್ಧ ತಪ್ಪು. ‘ಲಿಬ್‌ಐಬಸ್’ ಹೆಸರಿನೊಳಗೂ ‘ಐಬಸ್’ ಇದೆ. ವಿವರಣೆಯಲ್ಲಿ ಆ ಪದ ಬಂದರೂ ಸಿಕ್ಕಿತು.

ಆಮೇಲೆ ಪೈಥಾನಿನಲ್ಲಿ ಒಂದು ಸ್ಕ್ರಿಪ್ಟ್ ಬರೆದೆ. ಖಾಲಿ ಸಾಲು ಬಂದರೆ ಒಂದು ಪ್ಯಾಕೇಜಿನ ನಮೂದು ಮುಗಿಯಿತು. ಅದರಲ್ಲಿ ಆ ಪ್ಯಾಕೇಜಿಗೆ ಬೇರೆ ಯಾವ ಪ್ಯಾಕೇಜುಗಳು ಬೇಕು ಅಂತ ಹೇಳುವ ‘ಡಿಪೆಂಡ್ಸ್’ ಮತ್ತು ‘ಪ್ರಿ-ಡಿಪೆಂಡ್ಸ್’ ಸಾಲುಗಳನ್ನಷ್ಟೇ ಓದುತ್ತೇನೆ. ಅಲ್ಪವಿರಾಮ ಇದ್ದರೆ ಎಲ್ಲವೂ ಬೇಕು. ನಡುವೆ ನಿಂತ ಗೆರೆ ಇದ್ದರೆ ಯಾವುದಾದರೂ ಒಂದು ಸಾಕು. ಈ ಗೆರೆಯೇ ಮುಖ್ಯ. ‘ಐಬಸ್ ಅಥವಾ ಇನ್ನೊಂದು’ ಅಂತ ಇದ್ದು ಆ ಇನ್ನೊಂದು ಯಂತ್ರದಲ್ಲಿದ್ದರೆ ಐಬಸ್ ತೆಗೆದರೂ ಆ ಪ್ಯಾಕೇಜಿಗೆ ಏನೂ ಆಗದು. ಕಂಸದಲ್ಲಿರುವ ಆವೃತ್ತಿ ಸಂಖ್ಯೆಯನ್ನೂ ಹೆಸರಿನ ಕೊನೆಯ ‘:ಎನಿ’ಯನ್ನೂ ಕತ್ತರಿಸಿದ ಮೇಲೆ ಹೆಸರು ಪೂರ್ತಿ ಹೊಂದಿದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ.

ಜಾಸ್ತಿ ಹೊತ್ತು ತಿಂದದ್ದು ಮಾತ್ರ ಬೇರೆಯೇ. ಎಂದೋ ತೆಗೆದುಹಾಕಿದ್ದ ಪ್ಯಾಕೇಜುಗಳೂ ಪಟ್ಟಿಯಲ್ಲಿ ಕಾಣುತ್ತಿದ್ದವು. ಪ್ಯಾಕೇಜ್ ಹೋದರೂ ಅದರ ಸೆಟ್ಟಿಂಗ್ ಫೈಲು ಉಳಿದಿದ್ದರೆ ನಮೂದು ಹಾಗೇ ಇರುತ್ತದೆ, ಡಿಪೆಂಡ್ಸ್ ಸಾಲಿನ ಸಮೇತ. ಅದರ ‘ಸ್ಟೇಟಸ್’ ಸಾಲಿನಲ್ಲಿ ‘ಇನ್‌ಸ್ಟಾಲ್ ಓಕೆ ಇನ್‌ಸ್ಟಾಲ್ಡ್’ ಬದಲು ‘ಡಿಇನ್‌ಸ್ಟಾಲ್ ಓಕೆ ಕಾನ್ಫಿಗ್-ಫೈಲ್ಸ್’ ಅಂತ ಇರುತ್ತದೆ. ಒಂದೇ ಸಾಲಿನ ತಪಾಸಣೆ ಸೇರಿಸಿದೆ, ಪಟ್ಟಿ ಶುದ್ಧವಾಯಿತು.

ಈಗ ಮೂರು ಯಂತ್ರಗಳಲ್ಲಿ ಐಬಸ್-ಎಂ17ಎನ್ ಸರಿಯಾಗಿ ಸಿಗುತ್ತಿದೆ. ನಾಲ್ಕನೆಯದರಲ್ಲಿ ಇಲ್ಲ, ಇರಲೂಬಾರದು. ಅದು ನಾನೇ ತೆಗೆದ ಯಂತ್ರ.

‘ಪ್ರೊವೈಡ್ಸ್’ ಸಾಲು ಇನ್ನೂ ಓದುತ್ತಿಲ್ಲ. ಒಂದು ಪ್ಯಾಕೇಜ್ ಬೇರೆ ಹೆಸರಿನ ಜಾಗವನ್ನೂ ತುಂಬಬಲ್ಲದು, ಅದನ್ನು ಮುಂದಿನ ವಾರ ನೋಡಬೇಕು. ಅದಕ್ಕೂ ಮೊದಲು ಶನಿವಾರ ಡೊಂಬಿವಲಿಗೆ ಹೋಗಿ ಆ ನಾಲ್ಕನೆಯ ಯಂತ್ರಕ್ಕೆ ಕೆಜಿಪಿ ವಾಪಸ್ ಹಾಕುತ್ತೇನೆ.