ಫ್ರೆಂಚ್ ಪ್ರೆಸ್ ಕಾಫಿ ಕಹಿ, ತಳದಲ್ಲಿ ಗಸಿ: ಏನು ಮಾಡೋದು?

"ಫ್ರೆಂಚ್ ಪ್ರೆಸ್ ತಗೊಂಡೆ. ಆದರೆ ಕಾಫಿ ಕಹಿ ಕಹಿ, ಕೊನೆಯ ಗುಟುಕಿನಲ್ಲಿ ಬಾಯಿ ತುಂಬ ಗಸಿ. ಎಲ್ಲಿ ಎಡವಟ್ಟಾಗ್ತಿದೆ?" ನನಗೆ ಕಾಫಿ ಹುಚ್ಚು ಅಂತ ಗೊತ್ತಿರುವವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು. ಫ್ರೆಂಚ್ ಪ್ರೆಸ್ ಅಂದ್ರೆ ಪುಡಿಯನ್ನು ಬಿಸಿನೀರಿನಲ್ಲಿ ನೆನೆಸಿ, ಮೇಲಿನ ಹಿಡಿಗೆ ಜೋಡಿಸಿದ ಜಾಲರಿಯನ್ನು ಒತ್ತಿ ಕಾಫಿ ಸೋಸುವ ಪಾತ್ರೆ. ಉತ್ತರ ಚಿಕ್ಕದು. ಆ ಹಿಡಿಯನ್ನು ತಳದವರೆಗೆ ಒತ್ತಬೇಡಿ, ಬದಲಿಗೆ ಇನ್ನೂ ಐದು ನಿಮಿಷ ಕಾಯಿರಿ.

ಜೋರಾಗಿ ಒತ್ತಿದರೆ ಪುಡಿಯ ರುಚಿಯೆಲ್ಲ ಹಿಂಡಿಕೊಂಡು ಬರುತ್ತದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗೇನೂ ಇಲ್ಲ. ಪುಡಿ ಬಿಸಿನೀರಿನಲ್ಲಿ ನೆನೆಯುತ್ತಾ ಕೂತಿರುವಾಗಲೇ ರುಚಿ ನೀರಿಗೆ ಇಳಿದಿರುತ್ತದೆ. ಜಾಲರಿಯ ಕೆಲಸ ಚರಟವನ್ನು ತಡೆಯುವುದು, ಅಷ್ಟೇ. ಅದನ್ನು ತಳಕ್ಕೆ ನೂಕಿದಾಗ ಸುಮ್ನೆ ಕೆಳಗೆ ಕೂತಿದ್ದ ನುಣ್ಣನೆ ಪುಡಿ ಕದಡಿ ಮೇಲೇಳುತ್ತದೆ, ಜಾಲರಿಯ ತೂತುಗಳಲ್ಲಿ ತೂರಿ ನೇರ ಲೋಟಕ್ಕೆ ಬರುತ್ತದೆ.

ಈಗ ಅಳತೆ. ಅರ್ಧ ಲೀಟರ್ ನೀರಿಗೆ 30 ಗ್ರಾಂ ಪುಡಿ. ಚಮಚದ ಲೆಕ್ಕ ಬೇಡ, ಯಾಕಂದ್ರೆ ಕಪ್ಪಗೆ ಹುರಿದ ಬೀಜ ಹಗುರ, ತಿಳಿಯಾಗಿ ಹುರಿದದ್ದು ಭಾರ, ಹಾಗಾಗಿ ಅದೇ ಚಮಚದಲ್ಲಿ ಒಂದೊಂದು ಪುಡಿಗೆ ಒಂದೊಂದು ತೂಕ ಬರುತ್ತದೆ. ಸಣ್ಣ ತಕ್ಕಡಿ ಒಂದಿದ್ದರೆ ಸಾಕು, ನೀರನ್ನೂ ಅದರಲ್ಲೇ ತೂಗಬಹುದು. ನೀರು ಕುದಿದ ಮೇಲೆ ಅರ್ಧ ನಿಮಿಷ ಬಿಡಿ, 95 ಡಿಗ್ರಿಯ ಆಸುಪಾಸಿಗೆ ಬಂದಿರುತ್ತದೆ. ತಿಳಿಯಾಗಿ ಹುರಿದ ಬೀಜವಾದರೆ ಅಷ್ಟೂ ಕಾಯಬೇಕಿಲ್ಲ. ತುಂಬ ಕಪ್ಪಗೆ ಹುರಿದದ್ದಾದರೆ ಇನ್ನೂ ಸ್ವಲ್ಪ ಆರಲಿ. ಪ್ರೆಸ್ಸಿಗೆ ಮೊದಲು ಬಿಸಿನೀರು ಹಾಕಿ ಚೆಲ್ಲಿದರೆ ಪಾತ್ರೆ ಬೆಚ್ಚಗಾಗುತ್ತದೆ, ಕಾಫಿ ಬೇಗ ಆರುವುದಿಲ್ಲ.

ಪುಡಿ ಹಾಕಿ, ನೀರೆಲ್ಲ ಒಂದೇ ಸಲ ಸುರಿಯಿರಿ. ಒಣ ಪುಡಿ ಎಲ್ಲೂ ಉಳಿಯದ ಹಾಗೆ ಒಮ್ಮೆ ಕಲಕಿ ನಾಲ್ಕು ನಿಮಿಷ ಬಿಟ್ಟುಬಿಡಿ.

ಇನ್ನು ನನಗೆ ತುಂಬ ಇಷ್ಟವಾದ ಘಟ್ಟ. ನಾಲ್ಕು ನಿಮಿಷ ಕಳೆದ ಮೇಲೆ ನೋಡಿದರೆ ಮೇಲೆ ದಪ್ಪನೆ ಕಂದು ಪದರ ಕಟ್ಟಿರುತ್ತದೆ. ಹುರಿದ ಬೀಜದೊಳಗೆ ಸಿಕ್ಕಿಕೊಂಡಿರುವ ಕಾರ್ಬನ್ ಡೈಆಕ್ಸೈಡ್ ಬಿಸಿನೀರು ತಾಕಿದ್ದೇ ಹೊರಗೆ ನುಗ್ಗಿ ಪುಡಿಯನ್ನು ಮೇಲಕ್ಕೆ ಎತ್ತಿ ಹಿಡಿದಿರುತ್ತದೆ. ಬೀಜ ಹೊಸದಾದಷ್ಟೂ ಈ ಪದರ ದಪ್ಪ. ಚಮಚದ ಬೆನ್ನಿನಿಂದ ಅದನ್ನು ಮೆಲ್ಲಗೆ ಒತ್ತಿ. ಪದರ ಬಿರಿಯುತ್ತದೆ, ಘಮ್ಮನೆ ವಾಸನೆ ಮುಖಕ್ಕೆ ಬರುತ್ತದೆ, ಪುಡಿ ಒಂದೊಂದಾಗಿ ಮುಳುಗಿ ತಳ ಸೇರುತ್ತದೆ. ಮೇಲೆ ಉಳಿಯುವುದು ತೆಳು ಬಣ್ಣದ ನೊರೆ, ಅದರಲ್ಲಿ ಅಲ್ಲಲ್ಲಿ ತೇಲುವ ಚೂರುಗಳು. ಆ ನೊರೆಯನ್ನು ಎರಡು ಚಮಚದಿಂದ ತೆಗೆದುಬಿಡಿ. ಆಮೇಲೆ ಐದು ನಿಮಿಷ ಮುಟ್ಟಲೇಬೇಡಿ.

ಐದು ನಿಮಿಷ ಆದ ಮೇಲೆ ಜಾಲರಿಯನ್ನು ಕಾಫಿಯ ಮೇಲ್ಮೈಗೆ ತಾಗುವಷ್ಟು ಮಾತ್ರ ಇಳಿಸಿ, ನಿಧಾನಕ್ಕೆ ಬಗ್ಗಿಸಿ. ತಳದ ಒಂದೆರಡು ಗುಟುಕು ಪ್ರೆಸ್ಸಿನಲ್ಲೇ ಉಳಿಯಲಿ, ಗಸಿ ಇರುವುದು ಅಲ್ಲೇ.

"ಒಟ್ಟು ಒಂಬತ್ತು ನಿಮಿಷ ಬಿಟ್ಟರೆ ಇನ್ನೂ ಕಹಿಯಾಗಲ್ವಾ?" ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಆಗುವುದಿಲ್ಲ. ನೀರಿಗೆ ರುಚಿ ಇಳಿಯುತ್ತಾ ಹೋದ ಹಾಗೆ ಪುಡಿಯಿಂದ ಹೊಸದಾಗಿ ಬಿಡುವ ವೇಗ ಕಡಿಮೆಯಾಗುತ್ತದೆ. ನೀರೂ ಆರುತ್ತಿರುತ್ತದೆ. ಮೊದಲ ನಾಲ್ಕು ನಿಮಿಷದಲ್ಲಿ ಆಗುವಷ್ಟು ಬದಲಾವಣೆ ಮುಂದಿನ ಐದರಲ್ಲಿ ಆಗುವುದೇ ಇಲ್ಲ. ಜೊತೆಗೆ, ಆ ಹೊತ್ತಿಗೆ ಕಾಫಿ ಕುಡಿಯುವ ಹದಕ್ಕೆ ಬಂದಿರುತ್ತದೆ, ನಾಲಿಗೆ ಸುಡದೆ ರುಚಿ ಚೆನ್ನಾಗಿ ಗೊತ್ತಾಗುತ್ತದೆ.

ಹಾಗಾದರೆ ಕಹಿ ಬರುವುದು ಎಲ್ಲಿಂದ? ಒಂದೋ ಬೀಜವನ್ನೇ ತುಂಬ ಕಪ್ಪಗೆ ಹುರಿದಿರುತ್ತಾರೆ, ಇಲ್ಲವೇ ಪುಡಿ ತೀರಾ ನುಣ್ಣಗಿರುತ್ತದೆ. ಇದಕ್ಕೆ ಪುಡಿ ತರಿತರಿಯಾಗಿರಬೇಕು, ಕಲ್ಲುಪ್ಪಿನ ಸಣ್ಣ ಹರಳಿನಷ್ಟು. ಮಿಕ್ಸಿಯ ಬ್ಲೇಡು ಬೀಜವನ್ನು ಸಿಕ್ಕಸಿಕ್ಕಲ್ಲಿ ಕತ್ತರಿಸುತ್ತದೆ, ಹಾಗಾಗಿ ಒಂದಷ್ಟು ಧೂಳು, ಒಂದಷ್ಟು ದಪ್ಪ ಚೂರು. ಧೂಳಿನಿಂದ ಕಹಿ ಮತ್ತು ಒಗರು, ದಪ್ಪ ಚೂರಿನಿಂದ ಹುಳಿ, ಎರಡೂ ಒಂದೇ ಲೋಟದಲ್ಲಿ! ಬರ್ ಗ್ರೈಂಡರ್‌ನಲ್ಲಿ ಎರಡು ಹಲ್ಲುಚಕ್ರಗಳ ನಡುವೆ ಬೀಜ ಅರೆಯುವುದರಿಂದ ಪುಡಿ ಹೆಚ್ಚುಕಡಿಮೆ ಒಂದೇ ಸಮ ಬರುತ್ತದೆ. ಕೈಯಲ್ಲಿ ತಿರುಗಿಸುವಂಥದ್ದೂ ಸಾಕು. ಪ್ರೆಸ್ಸಿಗೆ ಜಾಸ್ತಿ ದುಡ್ಡು ಹಾಕಿ ಗ್ರೈಂಡರ್‌ಗೆ ಉಳಿಸುವವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ, ಉಲ್ಟಾ ಮಾಡಿದ್ದರೆ ಎಷ್ಟು ಒಳ್ಳೆಯ ಕಾಫಿ ಕುಡಿಯುತ್ತಿದ್ದರು! ಮಿಕ್ಸಿ ಬಿಟ್ಟರೆ ಗತಿಯಿಲ್ಲ ಅನ್ನುವವರು ಬಿಟ್ಟು ಬಿಟ್ಟು ತಿರುಗಿಸಿ, ಸಣ್ಣ ಜರಡಿಯಲ್ಲಿ ಧೂಳು ಉದುರಿಸಿಕೊಳ್ಳಿ.

ಎಷ್ಟೇ ಮಾಡಿದರೂ ಒಂಚೂರು ಗಸಿ ಇದ್ದೇ ಇರುತ್ತದೆ. ಇಟಲಿಯ ಕಾಲಿಮಾನಿ ಮತ್ತು ಮೊನೆಟಾ 1929ರಲ್ಲಿ ಪೇಟೆಂಟ್ ಮಾಡಿಸಿದ ಪ್ರೆಸ್ಸಿನ ಮೂಲ ವಿನ್ಯಾಸವೇ ಇವತ್ತಿಗೂ ನಡೆಯುತ್ತಿದೆ. ಲೋಹದ ಜಾಲರಿ ಧೂಳನ್ನು ಪೂರ್ತಿ ತಡೆಯಲಾರದು. ಕಾಗದದ ಫಿಲ್ಟರ್ ಹಿಡಿದಿಟ್ಟುಕೊಳ್ಳುವ ಕಾಫಿಯ ಎಣ್ಣೆಯೂ ಇಲ್ಲಿ ಲೋಟಕ್ಕೇ ಬರುತ್ತದೆ. ಆ ಮಂದವಾದ, ತುಂಬಿದ ರುಚಿಗೆ ಅದೂ ಒಂದು ಕಾರಣ. ಆದರೆ ಅದರಲ್ಲೇ ಇರುವ ಕೆಫೆಸ್ಟಾಲ್ ಎಂಬ ಅಂಶ ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತದೆ. ಕೊಲೆಸ್ಟ್ರಾಲ್ ಜಾಸ್ತಿ ಇದ್ದು ದಿನಕ್ಕೆ ಹಲವು ಲೋಟ ಕುಡಿಯುವವರಾದರೆ ಕಾಗದದ ಫಿಲ್ಟರಿನ ಕಾಫಿಯೇ ಒಳ್ಳೆಯದು.

ಅದೇ ಎಣ್ಣೆ ಜಾಲರಿಗೂ ಅಂಟುತ್ತದೆ. ನೀರಲ್ಲಿ ಅಲ್ಲಾಡಿಸಿ ಇಟ್ಟರೆ ಸಾಲದು. ಜಾಲರಿಯ ತಿರುಪು ಬಿಚ್ಚಿ, ಬಿಲ್ಲೆಗಳನ್ನು ಬೇರೆ ಮಾಡಿ ಸೋಪು ಹಾಕಿ ಉಜ್ಜಿ. ಒಮ್ಮೆ ಬಿಚ್ಚಿ ಮೂಸಿ ನೋಡಿ, ಕಮಟು ವಾಸನೆ ಬಂದರೆ ನಿಮ್ಮ ಕಾಫಿಗೂ ಅದೇ ಸೇರುತ್ತಿದೆ.