ಚಾಯ್ಸ್ ಟೂ ಒತ್ತುವ ಮುಂಚೆ

ನಮ್ಮ ಮನೆಯಿಂದ ಎಂಜಿನಿಯರಿಂಗ್‌ಗೆ ಹೊರಟವರಲ್ಲಿ ನಾನೇ ಮೊದಲು. ಅಪ್ಪನದು ಹೊಸದುರ್ಗದ ಹತ್ತಿರ ತೆಂಗಿನ ತೋಟ, ಅಮ್ಮ ಎಸ್ಸೆಸ್ಸೆಲ್ಸಿವರೆಗೆ ಓದಿದ್ದಾರೆ. ಸಿಇಟಿ ರ‍್ಯಾಂಕ್ ಬಂದಾಗ ಮನೆಯೆಲ್ಲ ಸಂಭ್ರಮ. ಆಮೇಲೆ ಶುರುವಾದ ಮಾತುಗಳು ಮಾತ್ರ ಮೂವರಿಗೂ ಹೊಸವು. ಸೀಟ್ ಮ್ಯಾಟ್ರಿಕ್ಸ್, ಆಪ್ಷನ್ ಎಂಟ್ರಿ, ಮಾಕ್ ಅಲಾಟ್‌ಮೆಂಟ್, ಅಟಾನಮಸ್, ಎಸ್‌ಎನ್‌ಕ್ಯೂ. ಯಾರನ್ನು ಕೇಳಿದರೂ "ಅದೇ ರೀ, ಆನ್‌ಲೈನ್‌ನಲ್ಲಿ ಬರುತ್ತಲ್ಲ" ಅನ್ನುವವರೇ.

ತುಮಕೂರಿನಲ್ಲಿ ಕೊನೇ ವರ್ಷ ಓದುತ್ತಿದ್ದ ಪಕ್ಕದ ಬೀದಿಯ ಅಕ್ಕ ಆ ಭಾನುವಾರ ಊರಿಗೆ ಬಂದಿದ್ದರು. ಹಿಂದಿನ ವರ್ಷದ ಕಟಾಫ್ ಪಟ್ಟಿಯ, ಅಂದರೆ ಯಾವ ಕಾಲೇಜಿನ ಸೀಟು ಯಾವ ರ‍್ಯಾಂಕಿಗೆ ಮುಗಿಯಿತು ಅನ್ನುವ ಪಟ್ಟಿಯ, ಪ್ರಿಂಟ್ ತಂದು ನಮ್ಮ ಜಗಲಿಯ ಮೇಲೆ ಹರಡಿಕೊಂಡು ಕೂತರು. ಇರುವೆ ಸಾಲಿನಂಥ ಸಣ್ಣ ಅಕ್ಷರಗಳು. ಮೇಲ್ಗಡೆ ಜಿಎಂ, ಜಿಎಂಕೆ, ಜಿಎಂಆರ್, 2ಎಜಿ, 2ಎಕೆ, 2ಎಆರ್ ಅಂತ ಕಾಲಂಗಳು.

"ನೀನು 1ರಿಂದ 10ರವರೆಗೆ ಎಲ್ಲಿ ಓದಿದ್ದು?"

"ಇಲ್ಲೇ ಅಕ್ಕ, ಊರಿನ ಸರ್ಕಾರಿ ಶಾಲೆ, ಕನ್ನಡ ಮೀಡಿಯಂ."

ಅಕ್ಕ ಪೆನ್ ತೆಗೆದು ಒಂದೊಂದೇ ಕಾಲಂಗೆ ಗುರುತು ಹಾಕುತ್ತಾ ಹೋದರು. ಜಿಎಂ ಅಂದರೆ ಜನರಲ್ ಮೆರಿಟ್, ಎಲ್ಲರಿಗೂ ತೆರೆದ ಸೀಟು. ನನ್ನ ಕೆಟಗರಿ 2ಎ, ಹಿಂದುಳಿದ ವರ್ಗಗಳಲ್ಲಿ ಒಂದು. ಕೊನೆಯಲ್ಲಿ ಆರ್ ಇದ್ದರೆ ಗ್ರಾಮೀಣ, ಕೆ ಇದ್ದರೆ ಕನ್ನಡ ಮಾಧ್ಯಮ. ಗ್ರಾಮೀಣದವರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಸೀಟು ಪ್ರತಿ ಕೆಟಗರಿಯ ಒಳಗೇ ಮೀಸಲು. ಹತ್ತೂ ವರ್ಷ ಓದಿರಬೇಕು, ಹೆಡ್‌ಮಾಸ್ಟರ್ ಕೊಟ್ಟ ಪ್ರಮಾಣಪತ್ರಕ್ಕೆ ಬಿಇಒ ಸಹಿ ಇರಬೇಕು. "ಈ ಆರೂ ಕಾಲಂನಲ್ಲಿ ನಿನಗೆ ಹಕ್ಕಿದೆ ಕಣೆ. ನೀನು ನೋಡ್ತಿದ್ದದ್ದು ಜಿಎಂ ಒಂದೇ ಅಲ್ವಾ?" ಅಂದರು. ಅದೇ ಕಾಲೇಜು, ಅದೇ ಬ್ರಾಂಚು. ಆದರೆ ಜಿಎಂನಲ್ಲಿ ನಿಂತ ರ‍್ಯಾಂಕಿಗೂ 2ಎಕೆಯಲ್ಲಿ ನಿಂತ ರ‍್ಯಾಂಕಿಗೂ ಸಾವಿರಾರು ವ್ಯತ್ಯಾಸ. ನಮ್ಮೂರ ಶಾಲೆಯಲ್ಲಿ ಓದಿದ್ದಕ್ಕೆ ಒಂದು ಬೆಲೆ ಇದೆ ಅಂತ ನನಗೆ ಅವತ್ತು ಕಣ್ಣಾರೆ ಕಂಡಿತು.

ಅಟಾನಮಸ್, ಅಂದರೆ ಸ್ವಾಯತ್ತ ಕಾಲೇಜಿನ ವಿಷಯ ಅಕ್ಕ ಬೇಗ ಮುಗಿಸಿದರು. ಸಿಲೆಬಸ್, ಪ್ರಶ್ನೆಪತ್ರಿಕೆ, ಪರೀಕ್ಷೆ ಎಲ್ಲ ಕಾಲೇಜೇ ನೋಡಿಕೊಳ್ಳುತ್ತದೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕೆಳಗಿರುವ ಕಾಲೇಜಾದರೆ ಡಿಗ್ರಿ ಮಾತ್ರ ಬೆಳಗಾವಿಯ ವಿಟಿಯುದೇ. ಖಾಸಗಿ ವಿಶ್ವವಿದ್ಯಾಲಯ ಹಾಗಲ್ಲ, ಡಿಗ್ರಿಯೂ ಅವರದೇ. ಅಲ್ಲೂ ಸಿಇಟಿ ಸೀಟು ಇರುತ್ತವೆ, ಫೀಸು ಜಾಸ್ತಿ. ಅಪ್ಪ ಹೆಚ್ಚು ಕಿವಿಗೊಟ್ಟದ್ದು ಎಸ್‌ಎನ್‌ಕ್ಯೂಗೆ, ಅಂದರೆ ಸೂಪರ್‌ನ್ಯೂಮರರಿ ಕೋಟಾಗೆ. ಮಂಜೂರಾದ ಸೀಟುಗಳ ಮೇಲೆ ಶೇ. 5ರಷ್ಟು ಹೆಚ್ಚುವರಿ ಸೀಟು, ಮನೆಯ ವರಮಾನ ವರ್ಷಕ್ಕೆ 8 ಲಕ್ಷದ ಒಳಗಿರಬೇಕು, ಬೋಧನಾ ಶುಲ್ಕ ಇಲ್ಲ. "ಇದನ್ನ ಮೊದಲೇ ಯಾರೂ ಯಾಕೆ ಹೇಳಲಿಲ್ಲ?" ಅಂದರು ಅಪ್ಪ.

ಆಪ್ಷನ್ ಎಂಟ್ರಿ ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳನ್ನು ಆಸೆಯ ಕ್ರಮದಲ್ಲಿ ಪಟ್ಟಿ ಮಾಡುವುದು. ಅದರ ಬಗ್ಗೆ ಮಾತ್ರ ಊರ ತುಂಬ ಒಂದು ಸುದ್ದಿ ಹಬ್ಬಿತ್ತು. ದೊಡ್ಡ ಕಾಲೇಜುಗಳನ್ನು ಮೇಲೆ ಹಾಕಿದರೆ ಚಾನ್ಸ್ ವೇಸ್ಟ್ ಆಗುತ್ತದೆ, ಕೆಳಗಿನವೂ ಕೈತಪ್ಪುತ್ತವೆ ಅಂತ. ಇದು ಶುದ್ಧ ಸುಳ್ಳು. ಈ ಸುಳ್ಳಿನಿಂದ ಎಷ್ಟೋ ಮಕ್ಕಳು ತಮಗೆ ಸಿಗಬಹುದಾದ ಕಾಲೇಜನ್ನು ಪಟ್ಟಿಗೇ ಸೇರಿಸುವುದಿಲ್ಲ ಅನ್ನೋದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ನಮ್ಮ ರ‍್ಯಾಂಕಿನ ಸರದಿ ಬಂದಾಗ ಕಂಪ್ಯೂಟರ್ ನಮ್ಮ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬರುತ್ತದೆ. ಮೊದಲನೆಯದು ಖಾಲಿ ಇಲ್ಲವಾ? ಎರಡನೆಯದಕ್ಕೆ ಹೋಗುತ್ತದೆ. ಮೇಲೆ ಹಾಕಿದ್ದಕ್ಕೆ ದಂಡ ಏನೂ ಇಲ್ಲ. ಹಾಗಾಗಿ ನಿಜವಾಗಿ ಎಲ್ಲಿ ಓದಬೇಕು ಅಂತ ಆಸೆಯೋ ಅದೇ ಮೊದಲು, ಆಮೇಲೆ ಅದರ ನಂತರದ ಆಸೆ. ಮಾಕ್ ಅಲಾಟ್‌ಮೆಂಟ್ ಅನ್ನೋದು ತಾಲೀಮು ಅಷ್ಟೇ. ಅದನ್ನು ನೋಡಿಕೊಂಡು ಪಟ್ಟಿಯನ್ನು ಮೇಲೆ ಕೆಳಗೆ ಮಾಡಬಹುದು, ಹೊಸದು ಸೇರಿಸಬಹುದು, ಬೇಡದ್ದು ತೆಗೆಯಬಹುದು.

ಮೊದಲ ಸುತ್ತಿನ ಫಲಿತಾಂಶ ಬಂದ ದಿನ ಅಪ್ಪ, ನಾನು ಪೇಟೆಯ ಸೈಬರ್ ಸೆಂಟರ್‌ನಲ್ಲಿದ್ದೆವು. ನನ್ನ ಪಟ್ಟಿಯ ನಡುವಿನ ಒಂದು ಕಾಲೇಜು ಸಿಕ್ಕಿತ್ತು. ಸ್ಕ್ರೀನ್ ಮೇಲೆ ನಾಲ್ಕು ಚಾಯ್ಸ್. ಹಿಂದೆ ಕ್ಯೂ ಬೆಳೆಯುತ್ತಿತ್ತು. "ಒನ್ ಒತ್ತಿಬಿಡಿ, ಸೇಫು" ಅಂದ ಅಂಗಡಿಯ ಹುಡುಗ. ಅಪ್ಪ ಮೌಸ್ ಮೇಲೆ ಕೈ ಇಡಲು ಬಿಡಲಿಲ್ಲ. "ಎರಡನೇದು ಒತ್ತಿದ್ರೆ ಈಗ ಸಿಕ್ಕಿರೋ ಸೀಟು ಹೋಗುತ್ತಾ? ಅದು ಹೇಳಮ್ಮ ಮೊದಲು." ನಾನು ಅಕ್ಕನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ.

ಒಂದು ಅಂದರೆ ಸೀಟು ಒಪ್ಪಿದೆ, ಫೀಸು ಕಟ್ಟಿ ಕಾಲೇಜಿಗೆ ಹೋಗುತ್ತೇನೆ, ಮುಂದಿನ ಸುತ್ತು ಬೇಡ. ಎರಡು ಅಂದರೆ ಇದು ಇರಲಿ, ಇದಕ್ಕಿಂತ ಮೇಲಿನದು ಸಿಗುತ್ತದಾ ನೋಡೋಣ. ಮೂರು ಅಂದರೆ ಈ ಸೀಟು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕು ಅಂದರೆ ಪೂರ್ತಿ ಹೊರಗೆ. "ಎರಡು ಒತ್ತಿದ್ರೆ ಸೀಟು ಎಲ್ಲೂ ಹೋಗಲ್ಲ ಚಿಕ್ಕಪ್ಪ. ಮೇಲಿನದು ಸಿಕ್ಕರೆ ಮಾತ್ರ ಹಳೇದು ತಾನಾಗಿ ರದ್ದು. ಆಮೇಲೆ ವಾಪಸ್ ಕೇಳೋ ಹಾಗಿಲ್ಲ" ಅಂದರು ಅಕ್ಕ. ಫೀಸು ಯಾವಾಗ, ಎಷ್ಟು ಕಟ್ಟಬೇಕು ಅನ್ನುವ ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಆ ವರ್ಷದ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೂಚನೆಯನ್ನೇ ಓದಿ ಅಂತಲೂ ಹೇಳಿದರು.

ಅಪ್ಪ ಸ್ವಲ್ಪ ಹೊತ್ತು ಸುಮ್ನಿದ್ದರು. ಆಮೇಲೆ ನನ್ನ ಪಟ್ಟಿಯ ಪ್ರಿಂಟ್ ಮುಂದೆ ಹಿಡಿದರು. "ಸಿಕ್ಕಿರೋದಕ್ಕಿಂತ ಮೇಲಿರೋದೆಲ್ಲ ಓದು. ಇದರಲ್ಲಿ ಯಾವುದು ಬಂದರೂ ನಿನಗೆ ಒಪ್ಪಿಗೆನಾ?" ಒಂದೊಂದೇ ಹೆಸರು ಓದಿದೆ. ಎಲ್ಲಕ್ಕೂ ಹೂಂ ಅಂದೆ. ಕ್ಯೂನಲ್ಲಿದ್ದ ಒಂದಿಬ್ಬರು ಹತ್ತಿರ ಬಂದು ನಿಂತು ನಮ್ಮ ಮಾತು ಕೇಳಿಸಿಕೊಂಡರು. ಚಾಯ್ಸ್ ಟೂ ಒತ್ತಿದೆವು. ಎರಡನೇ ಸುತ್ತಿನಲ್ಲಿ ಮೇಲಿನ ಕಾಲೇಜೊಂದು ಸಿಕ್ಕಿತು, 2ಎಕೆ ಕಾಲಂನಲ್ಲೇ.

ನಮ್ಮ ಬೀದಿಯಲ್ಲಿ ಈಗ ಇನ್ನೊಬ್ಬಳು ಹುಡುಗಿ ಎರಡನೇ ಪಿಯುಸಿಯಲ್ಲಿದ್ದಾಳೆ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಗಳನ್ನು ಜನವರಿಯೊಳಗೆ ಮಾಡಿಸಿಟ್ಟುಕೋ ಅಂತ ಅವಳಿಗೆ ಹೇಳಿದ್ದೇನೆ. ಬೇಸಿಗೆ ರಜೆ ಶುರುವಾದರೆ ಶಾಲೆಗೆ ಬೀಗ, ಸಹಿಗೆ ಹೆಡ್‌ಮಾಸ್ಟರನ್ನು ಹುಡುಕಿಕೊಂಡು ಅಲೆಯಬೇಕಾಗುತ್ತದೆ.