ಇನ್ನೊಂದು ನೂರು ಅಡಿ

2024ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ನೀರಿಗೆ ಪರದಾಟ ಶುರುವಾಗಿತ್ತಲ್ಲ, ಆಗ ನಮ್ಮ ರೋಡಿನ ಐದು ಮನೆಯವರು ದುಡ್ಡು ಹಾಕಿ ಒಂದು ಬೋರ್ ಕೊರೆಸಿದೆವು. ಹೊರಮಾವು ಕಡೆ ನಮ್ಮ ಮನೆ. ತೆಂಗಿನಕಾಯಿ ಅಂಗೈ ಮೇಲಿಟ್ಟುಕೊಂಡು ಪಾಯಿಂಟ್ ನೋಡಿದವರು 600 ಅಡಿಗೆ ಎರಡೂವರೆ ಇಂಚು ನೀರು ಗ್ಯಾರಂಟಿ ಅಂದಿದ್ದರು. ಲಾರಿ ತಿರುಚೆಂಗೋಡಿನದು. (ಇಲ್ಲಿ ಬೋರ್ ಕೊರೆಯೋ ಲಾರಿಗಳ ಮೇಲೆ ಬಹಳ ಸಲ ಆ ಊರಿನ ಹೆಸರೇ ಇರುತ್ತೆ, ನೋಡಿರ್ತೀರಿ.)

600 ಆಯ್ತು, 700 ಆಯ್ತು, ಬರೀ ಧೂಳು. ಸಿಮೆಂಟಿನಂಥ ಬೂದು ಪುಡಿ ಕಾರಿನ ಮೇಲೆ, ತುಳಸಿಕಟ್ಟೆ ಮೇಲೆ, ಒಣಹಾಕಿದ್ದ ಬಟ್ಟೆ ಮೇಲೆ ಎಲ್ಲಾ ಕೂತಿತ್ತು. ಪ್ರತಿ ರಾಡ್ ಇಳಿದ ಮೇಲೂ ಲಾರಿಯ ಹುಡುಗ ಒಂದು ಹಿಡಿ ಪುಡಿ ತೆಗೆದು ಹೆಬ್ಬೆರಳಲ್ಲಿ ಉಜ್ಜಿ ನೋಡುವುದು, ನಾವೆಲ್ಲ ಅವನ ಮುಖ ನೋಡುವುದು. 900ಕ್ಕೆ ಬಂದಾಗ ಮೇಸ್ತ್ರಿ ಹೇಳಿದ, "ತೇವ ಸಿಗ್ತಾ ಇದೆ ಸಾರ್, ಇನ್ನೊಂದು ನೂರು ಅಡಿ ಹೋಗೋಣ." ಆಳ ಹೋದ ಹಾಗೆ ಅಡಿಯ ರೇಟೂ ಏರುತ್ತೆ ಅನ್ನೋದು ಕೊರೆಸಿದವರಿಗೆಲ್ಲ ಗೊತ್ತು. ಎದುರು ಮನೆ ಮೇಷ್ಟ್ರು, "ಈಗ ಬಿಟ್ಟರೆ ಇಲ್ಲೀವರೆಗೆ ಹಾಕಿದ್ದೆಲ್ಲ ಹೊಳೇಲಿ ಹುಣಸೇಹಣ್ಣು ತೊಳೆದ ಹಾಗಲ್ವಾ?" ಅಂದರು.

ನನ್ನ ಸೋದರಮಾವ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಮೂಗಿಗೆ ಟವೆಲ್ ಸುತ್ತಿಕೊಂಡು ಎಲ್ಲಾ ನೋಡುತ್ತಾ ಕೂತಿದ್ದರು. ಟವೆಲ್ ಒಳಗಿಂದಲೇ, "ಇದೇ ಮಾತು ಕಣೋ. ಅಲ್ಲೂ ಇದೇ ಮಾತು" ಅಂದರು.

ಅಲ್ಲಿ ಅಂದರೆ ಶ್ರೀಲಂಕಾ. ಮಾವ ಹಲಸೂರಿನ ಎಂ.ಇ.ಜಿ. (ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್) ಸೆಂಟರಿನಲ್ಲಿ ಟ್ರೈನಿಂಗ್ ಮುಗಿಸಿದ 'ತಂಬಿ'. ಆ ರೆಜಿಮೆಂಟಿನವರಿಗೆ ಅದೇ ಹೆಸರು. 1988ರಲ್ಲಿ ಅವರ ಕಂಪನಿ ಶ್ರೀಲಂಕಾದ ಉತ್ತರದ ವವುನಿಯಾ ಕಡೆ ಇತ್ತು. ಆ ಕಾಲದ ಬಗ್ಗೆ ಬಾಯಿ ಬಿಡೋದೇ ಕಮ್ಮಿ. ಅವತ್ತು ಯಾಕೋ ಬಿಟ್ಟರು.

ಚಿಕ್ಕವರಿಗೆ ಸ್ವಲ್ಪ ಹಿನ್ನೆಲೆ. 1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಕೊಲಂಬೋದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು, ನಮ್ಮ ಸೇನೆ ಶಾಂತಿ ಕಾಯೋಕೆ ಅಂತ ಹೋಯಿತು. ಮೊದಲು ಹೋಗಿದ್ದು ಒಂದು ಡಿವಿಷನ್, ಅಂದರೆ ಸಾವಿರಾರು ಸೈನಿಕರ ಒಂದು ಪಡೆ. ಹುಲಿಗಳು (ಪ್ರತ್ಯೇಕ ತಮಿಳು ರಾಷ್ಟ್ರಕ್ಕಾಗಿ ಹೋರಾಡುತ್ತಿದ್ದ ಎಲ್‌ಟಿಟಿಇಯವರು) ಆಯುಧ ಒಪ್ಪಿಸ್ತಾರೆ, ನಾವು ನಿಂತು ನೋಡಿಕೊಂಡರೆ ಆಯ್ತು ಅನ್ನೋದು ಲೆಕ್ಕ. ಅವರು ಒಪ್ಪಿಸಿದ್ದು ಅಷ್ಟಕ್ಕಷ್ಟೇ. ಅಕ್ಟೋಬರ್ ಬರುವಷ್ಟರಲ್ಲಿ ಶಾಂತಿ ಕಾಯೋಕೆ ಹೋದವರೇ ಯುದ್ಧಕ್ಕೆ ಇಳಿದಿದ್ದರು. 11ರ ರಾತ್ರಿ ಜಾಫ್ನಾ ಯೂನಿವರ್ಸಿಟಿ ಮೈದಾನದಲ್ಲಿ ಹೆಲಿಕಾಪ್ಟರಿನಿಂದ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನರಲ್ಲಿ 29 ಜನ ಸತ್ತರು, ಒಬ್ಬರು ಸೆರೆಸಿಕ್ಕರು. ಅಲ್ಲಿಂದ ಮುಂದೆ ಒಂದು ಡಿವಿಷನ್ ಹೋಗಿ ನಾಲ್ಕಾಯಿತು. ಜಾಫ್ನಾ ಕೈಗೆ ಬಂತು, ಹುಲಿಗಳು ವನ್ನಿ ಕಾಡಿಗೆ ಹೋದರು, ಕಾಡಿಗೆ ಇನ್ನಷ್ಟು ಜನ ಬೇಕಾಯಿತು.

ಮಾವನ ಕೆಲಸ ರೋಡು. ಬೆಳಗ್ಗೆ ಲಾರಿಗಳು ಹೊರಡುವ ಮೊದಲು ಇವರು ಹತ್ತು ಹನ್ನೆರಡು ಜನ ನಡೆದು ಹೋಗಿ ನೆಲಬಾಂಬ್ ಇದೆಯಾ ಅಂತ ನೋಡಬೇಕು. ಪ್ಲಾಸ್ಟಿಕ್ ಕ್ಯಾನಿಗೆ ಮದ್ದು ತುಂಬಿ ಹೂತಿರುತ್ತಿದ್ದರಂತೆ, ಮೆಷಿನ್ ಕುಂಯ್ ಅನ್ನುತ್ತಿರಲಿಲ್ಲವಂತೆ. ಕೈಯಲ್ಲಿ ಒಂದು ಕಬ್ಬಿಣದ ಕಡ್ಡಿ. ಅದನ್ನು ನೆಟ್ಟಗೆ ಚುಚ್ಚಬಾರದು, ಓರೆಯಾಗಿ ಚುಚ್ಚಬೇಕು, ಏನಾದರೂ ತಗುಲಿದರೆ ಅಲ್ಲೇ ನಿಲ್ಲಬೇಕು. ಹೇಳುತ್ತಾ ಹೇಳುತ್ತಾ ಮಾವ ನಮ್ಮ ಗೇಟಿನ ಮುಂದೆ ಬಿದ್ದಿದ್ದ ಪುಡಿಗೆ ಒಂದು ಕಡ್ಡಿ ಓರೆಯಾಗಿ ಚುಚ್ಚಿ ತೋರಿಸಿದರು. ಕೈ ಇನ್ನೂ ಮರೆತಿಲ್ಲ.

"ಜನ ಬರ್ತಾರೆ, ಸಹಾಯ ಆಗುತ್ತೆ ಅಂತ ಮೊದಲು ಖುಷಿ ಪಟ್ವಿ ಕಣೋ. ಆಮೇಲೆ ಗೊತ್ತಾಯ್ತು. ಹೊಸ ಬೆಟಾಲಿಯನ್ ಬಂದರೆ ಅವರಿಗೆ ಅಕ್ಕಿ ಬೇಕು, ನೀರು ಬೇಕು, ಡೀಸೆಲ್ ಬೇಕು. ಇನ್ನೊಂದು ರೋಡು ತೆರೀಬೇಕು. ಆ ರೋಡು ಕಾಯೋಕೆ ಇನ್ನೊಂದಷ್ಟು ಜನ. ಕಾಯೋರಿಗೆ ಮತ್ತೆ ಅಕ್ಕಿ."

ನಾನು ಇದರ ಬಗ್ಗೆ ಒಂದಷ್ಟು ಓದಿದ್ದೇನೆ. ಎಷ್ಟೋ ಕಡೆ ಓದಿಯೂ ತಲೆಗೆ ಹತ್ತದೇ ಇದ್ದದ್ದು ಈ ಅಕ್ಕಿ ಲೆಕ್ಕದಲ್ಲಿ ಹತ್ತಿತು.

ಅವತ್ತು ರಾತ್ರಿ ನನಗೆ ನೆನಪಾಗಿದ್ದು ಕ್ಲಾರ್ಕ್ ಕ್ಲಿಫರ್ಡ್. 1968ರಲ್ಲಿ ವಿಯೆಟ್ನಾಮಿನಲ್ಲಿ ಅಮೆರಿಕದ ಸುಮಾರು 5 ಲಕ್ಷ ಸೈನಿಕರಿದ್ದರು. ಅಲ್ಲಿನ ಹೊಸ ವರ್ಷದ ಟೆಟ್ ಹಬ್ಬದ ಹೊತ್ತಿಗೆ ಕಮ್ಯುನಿಸ್ಟರು ನಡೆಸಿದ ಟೆಟ್ ದಾಳಿ ಆದ ಮೇಲೆ ಸೇನೆ ಇನ್ನೂ 2,06,000 ಜನ ಕೊಡಿ ಅಂತ ಕೇಳಿತು. ಮಾರ್ಚ್ 1ಕ್ಕೆ ರಕ್ಷಣಾ ಮಂತ್ರಿಯಾದ ಕ್ಲಿಫರ್ಡ್ ಯುದ್ಧದ ಪರ ಇದ್ದವರು ಅಂತಲೇ ಹೆಸರಾದವರು. ಅಷ್ಟು ಜನರನ್ನು ಹೇಗೆ ಹೊಂದಿಸೋದು ಅಂತ ನೋಡೋಕೆ ಅವರನ್ನು ಕೂರಿಸಿದ್ದರು. ಅವರು ಸುಮ್ನೆ ಹೊಂದಿಸೋದು ಬಿಟ್ಟು ದಡ್ಡನ ಥರ ಪ್ರಶ್ನೆ ಕೇಳಿದರು. ಇಷ್ಟು ಜನ ಸಾಕಾ? ಸಾಕಾಗದಿದ್ದರೆ ಇನ್ನೆಷ್ಟು? ಎಷ್ಟು ದಿನ ಆಗುತ್ತೆ? ನಾವು ಜಾಸ್ತಿ ಮಾಡಿದರೆ ಅವರೂ ಜಾಸ್ತಿ ಮಾಡಲ್ವಾ? ಗೆಲ್ಲೋದು ಅಂದರೆ ಏನು? ಯಾರ ಹತ್ತಿರವೂ ಗಟ್ಟಿ ಉತ್ತರ ಇರಲಿಲ್ಲ. ಅದರ ಹಿಂದಿನ ವರ್ಷವೇ ಅವರಿಗೆ ಒಂದು ಅನುಮಾನ ಹೊಕ್ಕಿತ್ತು. ವಿಯೆಟ್ನಾಂ ಬಿದ್ದರೆ ಮುಂದೆ ನೀವೇ ಅಂತ ಹೇಳಿಸಿಕೊಳ್ಳುತ್ತಿದ್ದ ಸುತ್ತಮುತ್ತಲ ದೇಶಗಳಿಗೆ ಹೋಗಿ ಇನ್ನಷ್ಟು ಸೈನಿಕರನ್ನು ಕಳಿಸಿ ಅಂದರೆ, ಅವರ್ಯಾರೂ ಅಂಥ ಉತ್ಸಾಹ ತೋರಿಸಿರಲಿಲ್ಲ. ಯಾರ ಮನೆಗೆ ಬೆಂಕಿ ಬೀಳುತ್ತೆ ಅಂದರೋ ಆ ಮನೆಯವರೇ ಬಿಂದಿಗೆ ಎತ್ತಲಿಲ್ಲ ಅಂದರೆ ಏನರ್ಥ?

ಮಾರ್ಚ್ 31ರಂದು ಅಧ್ಯಕ್ಷ ಜಾನ್ಸನ್ ಟಿವಿಯಲ್ಲಿ ಬಂದು ತಾನು ಮತ್ತೆ ಚುನಾವಣೆಗೆ ನಿಲ್ಲಲ್ಲ ಅಂದರು. 2,06,000 ಜನ ಹೋಗಲಿಲ್ಲ. ಯುದ್ಧ ಮಾತ್ರ ನಿಲ್ಲಲಿಲ್ಲ, ಅಮೆರಿಕದವರು ಪೂರ್ತಿ ಕೈತೊಳೆದುಕೊಳ್ಳೋಕೆ 1973 ಬರಬೇಕಾಯಿತು.

ಹಾಗಂತ ಜಾಸ್ತಿ ಕಳಿಸಿದರೆ ಏನೂ ಆಗಲ್ಲ ಅನ್ನೋದೂ ತಪ್ಪು. 2007ರ ಜನವರಿಯಲ್ಲಿ ಬುಷ್ ಇರಾಕಿಗೆ 20,000ಕ್ಕೂ ಜಾಸ್ತಿ ಸೈನಿಕರನ್ನು ಕಳಿಸ್ತೀನಿ ಅಂದಾಗ ಅವರ ದೇಶದಲ್ಲೇ ಬಹಳ ಜನ ಉಗಿದಿದ್ದರು. ಮರುವರ್ಷದ ಹೊತ್ತಿಗೆ ಬಾಗ್ದಾದಿನಲ್ಲಿ ಸಾವು ಕಮ್ಮಿಯಾಗಿದ್ದು ನಿಜ. ಇರಾಕಿನ ಅನ್ಬಾರ್ ಪ್ರಾಂತ್ಯದ ಸುನ್ನಿ ಪಂಗಡಗಳು ಅಲ್ ಖೈದಾ ವಿರುದ್ಧ ತಿರುಗಿ ಬಿದ್ದಿದ್ದೂ ಅದಕ್ಕೆ ಸೇರಿತು, ಯಾವುದು ಎಷ್ಟು ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಆದರೆ 2014ರಲ್ಲಿ ಇರಾಕಿನದೇ ಮೊಸೂಲ್ ನಗರ ಐಸಿಸ್ ಪಾಲಾಯಿತು. ಒಬಾಮಾ 2009ರ ಡಿಸೆಂಬರ್‌ನಲ್ಲಿ ಅಫ್ಘಾನಿಸ್ತಾನಕ್ಕೆ ಇನ್ನೂ 30,000 ಜನರನ್ನು ಕಳಿಸಿದರು, 2021ರ ಆಗಸ್ಟ್‌ನಲ್ಲಿ ಕಾಬೂಲ್ ಏನಾಯ್ತು ಅಂತ ಎಲ್ಲರೂ ನೋಡಿದ್ದೇವೆ. ನೀರು ಒಂದೊಂದು ಸಲ ಬರುತ್ತೆ. ಎಷ್ಟು ದಿನ ಇರುತ್ತೆ ಅನ್ನೋದು ಬೇರೆ ಮಾತು.

ನಮ್ಮವರು ಒಂದು ಸಲ ಸರಿಯಾಗಿ ಇಲ್ಲ ಅಂದಿದ್ದಾರೆ. 2003ರಲ್ಲಿ ಇರಾಕಿಗೆ ಸೇನೆ ಕಳಿಸಿ ಅಂತ ಅಮೆರಿಕ ಕೇಳಿತು. ಕಳಿಸಬೇಕು ಅನ್ನೋರು ದೆಹಲಿಯಲ್ಲಿ ಕಮ್ಮಿ ಇರಲಿಲ್ಲ. ಜುಲೈ 14ರಂದು ವಾಜಪೇಯಿ ಸರ್ಕಾರ ಆಗಲ್ಲ ಅಂದಿತು. ಶ್ರೀಲಂಕಾ ನೆನಪು ಅಲ್ಲಿ ಕೆಲಸ ಮಾಡಿರಲೇಬೇಕು ಅನ್ನೋದು ನನ್ನ ಅಂದಾಜು.

ಶ್ರೀಲಂಕಾದಲ್ಲಿ ನಮ್ಮ ಸುಮಾರು 1,200 ಸೈನಿಕರು ಸತ್ತರು. 1989ರಲ್ಲಿ ಅಲ್ಲಿನ ಹೊಸ ಅಧ್ಯಕ್ಷ ಪ್ರೇಮದಾಸ "ನಡೀರಿ ಇಲ್ಲಿಂದ" ಅಂದಿದ್ದಷ್ಟೇ ಅಲ್ಲ, ನಮ್ಮವರ ಮೇಲೆ ಹೊಡೆದಾಡೋಕೆ ಅವರ ಕಡೆಯಿಂದಲೇ ಹುಲಿಗಳಿಗೆ ಆಯುಧ ಹೋಯಿತು. ಆಗಲೂ ಇಷ್ಟು ಜನ ಸತ್ತ ಮೇಲೆ ಹೇಗೆ ಬರೋದು ಅನ್ನೋ ಮಾತು ಇತ್ತಂತೆ. ಈ ಮಾತು ಕೇಳಿದರೇ ನನಗೆ ಮೈಯುರಿಯುತ್ತೆ. ಸತ್ತವರ ಲೆಕ್ಕ ತೋರಿಸಿ ಬದುಕಿರೋರನ್ನು ಕಳಿಸೋದು ಯಾವ ನ್ಯಾಯ? 1990ರ ಮಾರ್ಚ್‌ನಲ್ಲಿ ಕೊನೆಯ ಹಡಗು ಮದರಾಸಿಗೆ ಬಂದಾಗ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲ. ಮಾವ ಅದಕ್ಕೂ ಮೊದಲಿನ ಹಡಗಿನಲ್ಲೇ ಬಂದಿದ್ದರು. ಸೆಂಟ್ರಲ್ ಸ್ಟೇಷನ್ ಹತ್ತಿರ ಒಂದು ಹೋಟೆಲಲ್ಲಿ ಎರಡು ಪ್ಲೇಟ್ ಇಡ್ಲಿ ತಿಂದು ರೈಲು ಹತ್ತಿದೆ ಅಂತಾರೆ, ಅಷ್ಟೇ.

ಬೋರ್ ವಿಷಯಕ್ಕೆ ಬರ್ತೀನಿ. 1,000 ಅಡಿಗೆ ಮಾವ ಎದ್ದು ಹೋಗಿ ಮೇಸ್ತ್ರಿಯನ್ನು ತಮಿಳಲ್ಲೇ ಮಾತಾಡಿಸಿದರು. ಇನ್ನೆಷ್ಟು ಅಡಿ ಹೋಗಬಹುದು ಅಂತ ಈಗಲೇ ಹೇಳು ತಂಬಿ, ಅಷ್ಟಕ್ಕೆ ಬರಲಿಲ್ಲ ಅಂದರೆ ಆಮೇಲಿನದ್ದು ನಿನ್ನ ಖರ್ಚು ಅಂದರಂತೆ. ಅವನು ನಕ್ಕು ಇಂಜಿನ್ ಆಫ್ ಮಾಡಿದ. ಬಾಯಿಗೆ ಕ್ಯಾಪ್ ಹಾಕಿ ಮೇಲೆ ಒಂದು ಚಪ್ಪಡಿ ಎಳೆದೆವು, ಮಕ್ಕಳು ಓಡಾಡೋ ಜಾಗ. ಈಗ ಟ್ಯಾಂಕರ್ ತರಿಸುತ್ತೇವೆ. ಪ್ರತಿ ಸಲ ಟ್ಯಾಂಕರ್ ದುಡ್ಡು ಕೊಡುವಾಗ ಮೇಷ್ಟ್ರು ಆ ಚಪ್ಪಡಿ ಕಡೆ ನೋಡುತ್ತಾರೆ. "ಇನ್ನೊಂದು ಐವತ್ತು ಅಡಿ ಹೋಗಿದ್ದರೆ ಸಿಕ್ಕಿರೋದು" ಅನ್ನುತ್ತಾರೆ.